ಮೊದಲು ನಿನ್ನ ತಕರಾರು ಹೇಳು

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಫೊಡೆರಾ ಎಂಬ ಕಾರ್ಯಾಗಾರವಿದೆ. 1983ರಲ್ಲಿ ವಿನ್ನಿ ಫೊಡೆರಾ ಮತ್ತು ಜೋಯಿ ಲಾರಿಸೆಲ್ಲಾ ಸೇರಿ ಆರಂಭಿಸಿದ್ದು. ಅಲ್ಲಿ ಹೇಳಿ ಮಾಡಿಸಿಕೊಳ್ಳುವ ಬೇಸ್ ಗಿಟಾರಿನ, ಅಂದರೆ ಹಾಡಿನ ತಗ್ಗು ಸ್ವರಗಳನ್ನು ನುಡಿಸುವ ವಿದ್ಯುತ್ ಗಿಟಾರಿನ, ಬೆಲೆ ಹತ್ತು ಸಾವಿರ ಡಾಲರ್ ದಾಟುವುದು ಸಾಮಾನ್ಯ ಸಂಗತಿ. ನಮ್ಮ ಲೆಕ್ಕದಲ್ಲಿ ಒಂಬತ್ತು ಲಕ್ಷ ರೂಪಾಯಿಯ ಆಸುಪಾಸು. ಸಾಗಣೆ, ಸುಂಕ ಬೇರೆ. ಈ ಮೊತ್ತ ಕೇಳಿದ ಕೂಡಲೇ ಮನೆಯವರು 'ಅಷ್ಟು ದುಡ್ಡಿಗೆ ಕಾರೇ ಬರುತ್ತದಲ್ಲ' ಎನ್ನುತ್ತಾರೆ. ಬೇಸ್ ನುಡಿಸುವವರು ಮಾತ್ರ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ಅರ್ಧ ಆಸೆ, ಅರ್ಧ ಗುಮಾನಿ.

ನ್ಯೂಜೆರ್ಸಿಯಲ್ಲಿರುವ ನನ್ನ ಗೆಳೆಯನೊಬ್ಬ ಈಚೆಗೆ ಇಂಥದೇ ಇನ್ನೊಂದು ಸಣ್ಣ ಕಾರ್ಯಾಗಾರದಿಂದ ದರಪಟ್ಟಿ ತರಿಸಿಕೊಂಡು ನನಗೆ ಕಳುಹಿಸಿದ. ವಯಸ್ಸಿನಲ್ಲಿ ನನಗಿಂತ ಕಿರಿಯ. ಮೈಸೂರಿನಲ್ಲಿ ಓದುವಾಗ ನಾನು ಬಿಟ್ಟ ಆರ್ಕೆಸ್ಟ್ರಾದಲ್ಲಿ ನನ್ನ ಜಾಗಕ್ಕೆ ಬಂದವನು. ಗಣೇಶೋತ್ಸವದ ಪೆಂಡಾಲುಗಳಲ್ಲಿ ಸಾಲ ತಂದ ಬೇಸ್ ಹಿಡಿದು ಕೈ ತಿದ್ದಿಕೊಂಡವನು. ಈಗ ಕೈತುಂಬ ಸಂಬಳ, ವಾರಾಂತ್ಯಕ್ಕೊಂದು ಜಾಝ್ ಗುಂಪು. ಪಟ್ಟಿಯಲ್ಲಿ ಐದು ತಂತಿ, ಬಕ್‌ಐ ಬರ್ಲ್ ಎಂಬ ಗಂಟುಮರದ ಮೇಲ್ಪದರ, ಚಿನ್ನದ ಲೇಪ ಕೊಟ್ಟ ಬ್ರಿಡ್ಜ್ (ತಂತಿಯ ಬುಡ ಕೂರುವ ಕುದುರೆ) ಮತ್ತು ಬಿರಡೆಗಳು, ಬೆರಳು ಒತ್ತುವ ಫಿಂಗರ್‌ಬೋರ್ಡಿನ ಉದ್ದಕ್ಕೂ ಮುತ್ತಿನ ಚಿಪ್ಪಿನ ಕುಂದಣ. ಅಡಿಯಲ್ಲಿ ಮೊತ್ತ.

'ಅಣ್ಣ, ಇಷ್ಟು ಕೊಡಬಹುದೇ?' ಎಂದು ಕೇಳಿದ.

'ಈಗಿರುವ ಬೇಸಿನ ಮೇಲೆ ನಿನ್ನ ತಕರಾರೇನು?' ಎಂದೆ.

'ತಕರಾರು ಏನೂ ಇಲ್ಲ. ಆದರೆ ಇದರ ನಾದ ಬೇರೆಯೇ ಇರುತ್ತದೆ ಎನ್ನುತ್ತಾರೆ.'

ಎನ್ನುವವರು ಯಾರು ಎಂದು ನಾನು ಕೇಳಲಿಲ್ಲ. ಎಲ್ಲರೂ ಎನ್ನುತ್ತಾರೆ. ಆದರೆ ಕಣ್ಣು ಮುಚ್ಚಿಸಿ ಕೇಳಿಸಿದಾಗ ಏನಾಗುತ್ತದೆ ಎಂದು ನೋಡಿದವರೂ ಇದ್ದಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಆರು ಅಕೌಸ್ಟಿಕ್ ಗಿಟಾರುಗಳನ್ನು ಮಾಡಿಸಿದರು. ಹಿಂಬದಿ ಮತ್ತು ಪಕ್ಕದ ಮರ ಬಿಟ್ಟರೆ ಉಳಿದುದೆಲ್ಲ ಒಂದೇ. ಒಂದಕ್ಕೆ ಚಿನ್ನದ ಬೆಲೆಯ ಬ್ರೆಜಿಲ್ ಬೀಟೆ, ಇನ್ನೊಂದಕ್ಕೆ ನಮ್ಮ ಭಾರತದ ಬೀಟೆ, ಉಳಿದವುಗಳಿಗೆ ಮಹಾಗನಿ, ಮೇಪಲ್, ಸಪೀಲಿ, ವಾಲ್‌ನಟ್. ಮಬ್ಬು ಬೆಳಕಿನ ಕೋಣೆಯಲ್ಲಿ, ಬೆಸುಗೆ ಹಾಕುವವರು ತೊಡುವ ಕಪ್ಪು ಕನ್ನಡಕ ಹಾಕಿಸಿ, 52 ಮಂದಿ ಗಿಟಾರ್ ವಾದಕರ ಕೈಗೆ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರಕ್ಕೂ ಬಂದ ಅಂಕ ಹೆಚ್ಚುಕಡಿಮೆ ಒಂದೇ. ಪಿಟೀಲಿನವರ ಕಥೆ ಇನ್ನೂ ಖಾರ. ಕ್ಲೌಡಿಯಾ ಫ್ರಿಟ್ಸ್ ಮತ್ತು ಸಂಗಡಿಗರು 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 21 ಮಂದಿ ವಾದಕರಿಗೆ ಹಳೆಯ, ಹೊಸ ಪಿಟೀಲುಗಳನ್ನು ಹೆಸರು ಹೇಳದೆ ಕೊಟ್ಟಾಗ ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿಯಸ್, ಇಟಲಿಯ ಆ ಜಗತ್ಪ್ರಸಿದ್ಧ ಹಳೆಯ ಪಿಟೀಲು.

ಮರದ ಪೆಟ್ಟಿಗೆಯೇ ಗಾಳಿಯನ್ನು ಅಲುಗಿಸುವ ವಾದ್ಯಗಳಲ್ಲೇ ಹೀಗಾದರೆ ಬೇಸ್ ಗಿಟಾರಿನ ಗತಿಯೇನು? ಇದರಲ್ಲಿ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಗ್ರಹಿಸುವುದು ಅಯಸ್ಕಾಂತದ ಮೇಲೆ ಕಂಪಿಸುವ ಉಕ್ಕಿನ ತಂತಿಯನ್ನು. ಮರದ ಪಾತ್ರ ಇಲ್ಲವೆಂದಲ್ಲ, ಅದರ ಮಾತು ಮುಂದೆ ಬರುತ್ತದೆ. ಆದರೆ ದೇಹದ ಮೇಲೆ ಅಂಟಿಸಿದ ಕೆಲವೇ ಮಿಲಿಮೀಟರ್ ದಪ್ಪದ ಗಂಟುಮರದ ಹಲಗೆಯಿಂದ ನಾದ ಬದಲಾಗುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಅದು ಕಣ್ಣಿಗೆ ಹಬ್ಬ. ಕಣ್ಣಿನ ಹಬ್ಬಕ್ಕೂ ಬೆಲೆಯಿದೆ, ಕೊಡುವವರು ಕೊಡಲಿ; ಕಿವಿಯ ಖಾತೆಗೆ ಬರೆಯಬಾರದು ಅಷ್ಟೇ.

ತಕರಾರಿನ ಪ್ರಶ್ನೆಗೇ ನಾನು ಏಕೆ ಜೋತುಬಿದ್ದೆ ಎಂಬುದಕ್ಕೆ ಕಾರಣವಿದೆ. ಈ ವಾದ್ಯ ಹುಟ್ಟಿದ್ದೇ ತಕರಾರಿನಿಂದ. ಪಿಟೀಲಿನ ಜಾತಿಯ, ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಲಾಗದು, ಗಿಟಾರುಗಳಿಗೆ ವಿದ್ಯುತ್ ಬಂದ ಮೇಲೆ ಅದರ ಸದ್ದು ಕೇಳಿಸದು, ಫ್ರೆಟ್ ಎಂಬ ಲೋಹದ ಮೆಟ್ಟುಗಳು ಇಲ್ಲದ್ದರಿಂದ ಸ್ವರ ಹಿಡಿಯಲು ವರ್ಷಗಟ್ಟಲೆ ಸಾಧನೆ ಬೇಕು. ಇವಿಷ್ಟಕ್ಕೂ ಉತ್ತರವಾಗಿ 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ತಂದದ್ದೇ ಪ್ರೆಸಿಷನ್ ಬೇಸ್: 34 ಇಂಚಿನ ತಂತಿ, ಫ್ರೆಟ್‌ಗಳು, ದೇಹಕ್ಕೆ ತಿರುಪು ಹಾಕಿ ಕೂರಿಸಿದ ನೆಕ್, ಅಂದರೆ ಉದ್ದನೆಯ ಕತ್ತು. ಸ್ವತಃ ಗಿಟಾರ್ ನುಡಿಸಲು ಬಾರದ ಮನುಷ್ಯ ಆತ. ನುಡಿಸುವವರ ದೂರುಗಳನ್ನು ಕಿವಿಗೊಟ್ಟು ಕೇಳುತ್ತಿದ್ದ. ಇವತ್ತಿಗೂ ಆ ಬೇಸ್ ಸುಮಾರು ಸಾವಿರ ಡಾಲರಿಗೆ ಹೊಸದಾಗಿ ಸಿಗುತ್ತದೆ.

ಅದರಲ್ಲಿ ಯಾವ ತಕರಾರೂ ಕಾಣದವರ ಪೈಕಿ ಅತಿ ದೊಡ್ಡವನು ಜೇಮ್ಸ್ ಜೇಮರ್ಸನ್. ಡೆಟ್ರಾಯಿಟಿನ ಮೋಟೌನ್ ಸ್ಟುಡಿಯೋದಲ್ಲಿ 1962ರ ಒಂದು ಪ್ರೆಸಿಷನ್ ಹಿಡಿದು, ಬಲಗೈಯ ತೋರುಬೆರಳೊಂದರಿಂದಲೇ ಮೀಟಿ, ಅಮೆರಿಕದ ಜನಪ್ರಿಯ ಸಂಗೀತದ ತಳಪಾಯ ಹಾಕಿದ. ತಂತಿ ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ. ಫ್ರೆಟ್‌ನಿಂದ ತಂತಿಗಿದ್ದ ಎತ್ತರ ಬೇರೆಯವರ ಬೆರಳು ಸೋಲುವಷ್ಟು. ದುಬಾರಿ ವಾದ್ಯ ಮಾರುವವರು 'ಸರಾಗ' ಎಂದು ಹೊಗಳುವ ಗುಣಗಳಲ್ಲಿ ಒಂದೂ ಆ ಬೇಸಿನಲ್ಲಿರಲಿಲ್ಲ. ಬೆಂಗಳೂರಿನವರಿಗೆ ಇನ್ನೊಂದು ಸಾಕ್ಷಿ ಕೊಡಬಹುದು. 2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ರಾಕ್ ತಂಡ ಬಂದಾಗ ಇಡೀ ಮೈದಾನದ ಎದೆಗೂಡು ನಡುಗಿಸಿದ ಸ್ಟೀವ್ ಹ್ಯಾರಿಸ್‌ನ ವಾದ್ಯವೂ ಪ್ರೆಸಿಷನ್ನೇ. ಒಂದು ಪಿಕಪ್, ಎರಡು ಗುಂಡಿ.

ಇನ್ನೊಂದು ತುದಿಯಲ್ಲಿ ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್. ಫ್ರೆಟ್ ಇರುವುದೇ ಅವನ ತಕರಾರು. ಫೆಂಡರ್‌ನದೇ ಆದ 1962ರ ಜಾಝ್ ಬೇಸ್ ಎಂಬ ಮಾದರಿಯ ಫ್ರೆಟ್‌ಗಳು ಹೋದವು, ಅವು ಕೂತಿದ್ದ ಸೀಳುಗಳಿಗೆ ಮರದ ಪುಟ್ಟಿ ತುಂಬಿತು, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಂತು. ಹಾಡುವ ಹೆಣ್ಣಿನ ಗಂಟಲಿನಂಥ ಆ ಸ್ವರಕ್ಕೆ ತಗಲಿದ ಖರ್ಚು ಒಂದು ಡಬ್ಬಿ ಎಪಾಕ್ಸಿ ಎನ್ನಬೇಕು. 1986ರಲ್ಲಿ ಕಳವಾದ ಆ ಬೇಸ್ ಎಷ್ಟೋ ವರ್ಷದ ಮೇಲೆ ಸಿಕ್ಕಾಗ ಅದನ್ನು ಬಿಡಿಸಿಕೊಳ್ಳಲು ಜಾಕೋ ಕುಟುಂಬದ ನೆರವಿಗೆ ನಿಂತವನು ಮೆಟಾಲಿಕಾದ ರಾಬರ್ಟ್ ಟ್ರುಹಿಯೋ. 2011ರಲ್ಲಿ ಅದೇ ಅರಮನೆ ಮೈದಾನದ ಕೆಸರಿನಲ್ಲಿ ನಿಂತು ನಾವು ಕೇಳಿದ ಬೇಸ್ ವಾದಕ.

ಹಾಗಾದರೆ ದುಬಾರಿ ಕಸ್ಟಮ್ ಬೇಸ್ ಬೇಕಾದದ್ದು ಯಾರಿಗೆ? ಅಂಗಡಿಯ ಯಾವ ವಾದ್ಯವೂ, ಮನೆಯಲ್ಲೇ ಮಾಡಿಕೊಳ್ಳುವ ಯಾವ ರಿಪೇರಿಯೂ ಬಗೆಹರಿಸಲಾಗದ ತಕರಾರಿದ್ದವರಿಗೆ. ಸ್ಯಾನ್ ಫ್ರಾನ್ಸಿಸ್ಕೊ ಬಳಿ 1969ರಲ್ಲಿ ಹುಟ್ಟಿದ ಅಲೆಂಬಿಕ್ ಸಂಸ್ಥೆಯ ಕಥೆ ಹೀಗೆಯೇ. ಗ್ರೇಟ್‌ಫುಲ್ ಡೆಡ್‌ನಂಥ ತಂಡಗಳು ದೊಡ್ಡ ಬಯಲುಗಳಲ್ಲಿ ನುಡಿಸತೊಡಗಿದಾಗ ಬೇಸ್ ಬರಿಯ ಗುಡುಗಾಗಿ ಕಲಸಿಹೋಗುತ್ತಿತ್ತು. ರಾನ್ ವಿಕರ್‌ಶ್ಯಾಮ್ ಎಂಬ ಎಲೆಕ್ಟ್ರಾನಿಕ್ಸ್ ತಜ್ಞ ಪಿಕಪ್ಪಿನ ಸುರುಳಿಯನ್ನೇ ಬದಲಿಸಿ, ವಾದ್ಯದೊಳಗೇ ಬ್ಯಾಟರಿಯಿಂದ ನಡೆಯುವ, ಸದ್ದನ್ನು ಅಲ್ಲೇ ಬಲಗೊಳಿಸುವ ಪ್ರಿಆಂಪ್ ಇಟ್ಟ. ಅವರು ಪೂರ್ತಿಯಾಗಿ ತಾವೇ ಮಾಡಿದ ಮೊದಲ ಬೇಸ್ ಜೆಫರ್ಸನ್ ಏರ್‌ಪ್ಲೇನ್‌ನ ಜ್ಯಾಕ್ ಕಸಾಡಿಗೆ ಹೋಯಿತು. ಇಂದು ಸಾಮಾನ್ಯ ಬೆಲೆಯ ಬೇಸಿನ ಬೆನ್ನಲ್ಲೂ ಒಂಬತ್ತು ವೋಲ್ಟಿನ ಬ್ಯಾಟರಿಯ ಡಬ್ಬಿ ಇರುತ್ತದಲ್ಲ, ಅದು ಆ ಕಾಲದ ದುಬಾರಿ ಹಟದ ಉಳಿಕೆ.

ಆದರೆ ನನಗೆ ಎಲ್ಲಕ್ಕಿಂತ ಮಾದರಿಯಾಗಿ ಕಾಣುವವನು ಅಮೆರಿಕದ ಬೇಸ್ ವಾದಕ ಆಂಟನಿ ಜ್ಯಾಕ್ಸನ್. ಬೇಸ್ ಗಿಟಾರಿಗೆ ನಾಲ್ಕೇ ತಂತಿ ಏಕೆ, ಗಿಟಾರಿನಂತೆ ಆರು ಏಕಿರಬಾರದು ಎಂಬುದು ಅವನ ತಕರಾರು. 1975ರಲ್ಲಿ ಬ್ರೂಕ್ಲಿನ್‌ನ ಕಾರ್ಲ್ ಥಾಂಪ್ಸನ್ ಅವನಿಗೊಂದು ಆರು ತಂತಿಯ ಬೇಸ್ ಮಾಡಿಕೊಟ್ಟ. ತಂತಿಗಳು ತೀರ ಒತ್ತೊತ್ತಾಗಿವೆ ಎಂದು ಜ್ಯಾಕ್ಸನ್ ಒಪ್ಪಲಿಲ್ಲ. ಮುಂದೆ ಕೆನ್ ಸ್ಮಿತ್ ಬಳಿ ಮಾಡಿಸಿದ, ಆಮೇಲೆ ಫೊಡೆರಾ ಬಳಿ. ತಂತಿಗಳ ನಡುವಿನ ಅಂತರ ಹಿಗ್ಗಿತು, ತಂತಿಯ ಉದ್ದ 36 ಇಂಚಿಗೆ ಏರಿತು, ಒಂದೊಂದು ಬೇಸಿನಲ್ಲೂ ಹಿಂದಿನದರ ಒಂದು ಕೊರತೆ ತೀರುತ್ತ ಬಂತು. ಕೊನೆಗೆ ಅವನು ನೆಚ್ಚಿದ ಬೇಸಿನಲ್ಲಿ ಒಂದೇ ಪಿಕಪ್, ಸದ್ದು ಏರಿಸಿ ಇಳಿಸುವ ಗುಂಡಿ ಕೂಡ ಇಲ್ಲ. ಆ ಕೆಲಸವನ್ನು ಕಾಲಿನ ಪೆಡಲ್ ನೋಡಿಕೊಳ್ಳುತ್ತಿತ್ತು. ಲಕ್ಷಗಟ್ಟಲೆ ಬೆಲೆಯ ವಾದ್ಯದ ಮುಖ ಬೋಳು. ನನ್ನ ಗೆಳೆಯನ ದರಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಗು ಬರುತ್ತದೆ.

ಇಷ್ಟಾದ ಮೇಲೆ ಮರದ ಮಾತು. ದುಡ್ಡು ನಿಜವಾಗಿ ಕೆಲಸ ಮಾಡುವ ಜಾಗ ನೆಕ್. ಯಾವುದೇ ಬೇಸಿನ ತೆಳುವಾದ ಜಿ ತಂತಿಯ ಮೇಲೆ ಐದನೆಯ ಫ್ರೆಟ್‌ನಿಂದ ಏಳನೆಯದರವರೆಗೆ ಒಂದೊಂದೇ ಸ್ವರ ನುಡಿಸಿ ಕೇಳಿ; ಒಂದು ಸ್ವರ ಅಕ್ಕಪಕ್ಕದವುಗಳಿಗಿಂತ ಬೇಗ ಸಾಯುವ ಸಂಭವ ಬಹಳ. ಆ ಸ್ವರದ ಕಂಪನ ಸಂಖ್ಯೆಯೂ ನೆಕ್ಕಿನ ಸ್ವಂತ ಕಂಪನ ಸಂಖ್ಯೆಯೂ ಹತ್ತಿರ ಬಂದಾಗ ತಂತಿಯ ಶಕ್ತಿಯನ್ನು ಮರ ಕುಡಿದುಬಿಡುತ್ತದೆ. ಇದನ್ನು ಡೆಡ್ ಸ್ಪಾಟ್ ಎನ್ನುತ್ತಾರೆ. ಸಾವಿರ ಡಾಲರಿನ ಬೇಸಿನಲ್ಲೂ ಇರುತ್ತದೆ, ಹತ್ತು ಸಾವಿರದ್ದರಲ್ಲೂ ಇರಬಹುದು. ಬಿಗಿಯಾದ, ಹಲವು ಪಟ್ಟಿಗಳನ್ನು ಎಳೆ ನೋಡಿ ಅಂಟಿಸಿದ ನೆಕ್‌ನಲ್ಲಿ ಅದರ ಕಾಟ ಕಡಿಮೆ. 1970ರ ದಶಕದಲ್ಲಿ ಅಂತರಿಕ್ಷ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಜೆಫ್ ಗೌಲ್ಡ್ ನೆಕ್ಕನ್ನು ಇಂಗಾಲದ ನಾರಿನಿಂದಲೇ ಮಾಡಹೊರಟದ್ದೂ ಬಿಗಿತದ ಆಸೆಯಿಂದಲೇ. ಎಲ್ಲ ತಂತಿಗಳ ಮೇಲೆ, ಎಲ್ಲ ಫ್ರೆಟ್‌ಗಳಲ್ಲಿ ಸ್ವರ ಒಂದೇ ತೂಕದಲ್ಲಿ ಹೊರಟು ಒಂದೇ ಹದದಲ್ಲಿ ತೀರಿದರೆ ರೆಕಾರ್ಡಿಂಗ್ ಮಾಡುವವರ ಅರ್ಧ ಕೆಲಸ ಮುಗಿದಂತೆ. ಕೇಳುಗರಿಗೆ ಇದು ಗೊತ್ತಾಗುವುದೇ ಇಲ್ಲ. ನುಡಿಸುವವರಿಗೆ, ಅದೂ ದಿನವೂ ಸ್ಟುಡಿಯೋದಲ್ಲಿ ಕೂರುವವರಿಗೆ, ಬೆಲೆಯ ದೊಡ್ಡ ಪಾಲು ಇಲ್ಲೇ ವಸೂಲಾಗುತ್ತದೆ.

ಎರಡನೆಯ ಜಾಗ ಐದನೆಯ ತಂತಿ. ನಾಲ್ಕು ತಂತಿಯ ಬೇಸಿನ ಕೆಳಗಿನ ಇ ಸೆಕೆಂಡಿಗೆ ಸುಮಾರು 41 ಸಲ ಕಂಪಿಸಿದರೆ, ಐದನೆಯದಾದ ಬಿ ಸುಮಾರು 31 ಸಲ. ಅದೇ ಉದ್ದದಲ್ಲಿ ಅಷ್ಟು ಕೆಳಗಿಳಿಯಬೇಕಾದರೆ ತಂತಿ ದಪ್ಪವಾಗಬೇಕು. ದಪ್ಪವಾದಷ್ಟೂ ಅದು ತಂತಿಯ ಗುಣ ಬಿಟ್ಟು ಸರಳಿನ ಗುಣ ಹಿಡಿಯುತ್ತದೆ, ಮೇಲಿನ ಸ್ವರಾಂಶಗಳು ಹಳಿ ತಪ್ಪುತ್ತವೆ, ಸ್ವರ ಯಾವುದೆಂದೇ ತಿಳಿಯದಂತೆ ಗೊರಗುಡುತ್ತದೆ. ತಂತಿಯನ್ನು ಉದ್ದ ಮಾಡುವುದೇ ಮದ್ದು. ಆದರೆ ಈ ಮದ್ದಿಗೆ ಒಂಬತ್ತು ಲಕ್ಷ ಬೇಕಿಲ್ಲ. ಕೆನಡಾದ ಸಾಸ್ಕಟೂನ್‌ನ ಶೆಲ್ಡನ್ ಡಿಂಗ್ವಾಲ್ ಫ್ರೆಟ್‌ಗಳನ್ನು ಬೀಸಣಿಗೆಯಂತೆ ಓರೆಯಾಗಿ ಹೂಡಿ, ದಪ್ಪ ತಂತಿಗೆ 37 ಇಂಚು, ತೆಳು ತಂತಿಗೆ 34 ಇಂಚು ಸಿಗುವಂತೆ ಮಾಡಿದ್ದಾನೆ. ಅವನ ಹೆಸರಿನಲ್ಲೇ ಚೀನಾದಲ್ಲಿ ತಯಾರಾಗುವ, ಕಸ್ಟಮ್ ಬೆಲೆಯ ಹತ್ತಿರಕ್ಕೂ ಬಾರದ ಬೇಸ್‌ಗಳಿವೆ. ತಕರಾರು ಬರಿಯ ಬಿ ತಂತಿಯದಾದರೆ ಅಂಥದೊಂದನ್ನು ಕೊಂಡು ಉಳಿದ ದುಡ್ಡನ್ನು ಬ್ಯಾಂಕಿನಲ್ಲಿಡಬಹುದು.

ಕೂಲಿಯ ಲೆಕ್ಕವನ್ನೂ ನ್ಯಾಯವಾಗಿ ಹಾಕೋಣ. ಒಂದು ವಾದ್ಯಕ್ಕೆ ನೂರು ಗಂಟೆ ಕೈಕೆಲಸ, ಬಾಡಿಗೆ, ವಿಮೆ ಎಲ್ಲ ಸೇರಿ ಗಂಟೆಗೆ ಅರವತ್ತು ಡಾಲರ್ ಎಂದುಕೊಂಡರೆ ಅದೇ ಆರು ಸಾವಿರವಾಯಿತು. ಮರ, ಬಿರಡೆ, ಪಿಕಪ್‌ಗಳು ಬೇರೆ. ಒಣಗಲು ವರ್ಷಗಟ್ಟಲೆ ಸುಮ್ಮನೆ ಪೇರಿಸಿಟ್ಟ ಹಲಗೆಯಲ್ಲಿ ಸಿಕ್ಕಿಬಿದ್ದ ಬಂಡವಾಳ ಬೇರೆ. ನೆಕ್ಕನ್ನು ಒಂದಿಷ್ಟು ಕೆತ್ತಿ, ಮರ ತಿರುಚಿಕೊಳ್ಳುವುದಾದರೆ ತಿರುಚಿಕೊಳ್ಳಲಿ ಎಂದು ಬಿಟ್ಟು, ಮತ್ತೆ ಕೆತ್ತುವ ಜನ ಇವರು. ಇವರು ಮೋಸ ಮಾಡುತ್ತಾರೆ ಎನ್ನುವವರು ಒಮ್ಮೆ ದೊಡ್ಡಬಳ್ಳಾಪುರದ ಬಳಿಯ ಸಿಂಪಾಡಿಪುರಕ್ಕೆ ಹೋಗಿ ಹಲಸಿನ ಮರದಲ್ಲಿ ವೀಣೆ ಕೆತ್ತುವವರನ್ನು ನೋಡಬೇಕು. ಅಷ್ಟೇ ಶ್ರಮದ ಕೆಲಸಕ್ಕೆ ನಾವು ಎಷ್ಟು ಕೊಡುತ್ತೇವೆ ಎಂದು ನೆನೆದರೆ ಬ್ರೂಕ್ಲಿನ್‌ನ ಬೆಲೆ ಹೆಚ್ಚೆಂದು ದೂರುವ ಬಾಯಿ ತಾನೇ ಮುಚ್ಚುತ್ತದೆ. ಒಂದು ವ್ಯತ್ಯಾಸವುಂಟು. ವೀಣೆಯ 24 ಮೆಟ್ಟುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರ ತಪ್ಪಿದರೆ ಮೇಣ ಕಾಯಿಸಿ ಸರಿಸಬಹುದು. ಬೇಸಿನ ಫ್ರೆಟ್‌ಗಳನ್ನು ಬೀಟೆಯ ಹಲಗೆಯ ಸೀಳುಗಳಿಗೆ ಬಡಿದು ಕೂರಿಸಿದ ಮೇಲೆ ಮುಗಿಯಿತು. ಸೀಳು ಕೊಯ್ದವನ ಕೈ ಕಂಪಿಸಿದ್ದರೆ ಅದು ಆ ವಾದ್ಯದ ಆಯುಷ್ಯವಿಡೀ ಕೇಳಿಸುತ್ತದೆ.

ಅಂದಹಾಗೆ ಆ ಬೀಟೆ ನಮ್ಮ ಘಟ್ಟದ ಮರವೂ ಹೌದು. ಬ್ರೆಜಿಲ್ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿದ್ದ ಮೇಲೆ ದಕ್ಷಿಣ ಭಾರತದ ಬೀಟೆಗೆ ಬೇಡಿಕೆ ಇನ್ನಷ್ಟು ಏರಿತು. 2017ರಲ್ಲಿ ಬೀಟೆಯ ಇಡೀ ಕುಲವೇ ನಿಯಂತ್ರಣಕ್ಕೆ ಬಂದಾಗ ಗಿಟಾರಿನವರು ಗಡಿ ದಾಟಲು ಪರವಾನಗಿ ಹಿಡಿದು ಪರದಾಡಿದರು. ಬ್ರೆಜಿಲ್ ಬೀಟೆಯವನ್ನು ಬಿಟ್ಟು ಉಳಿದ ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಕೊಡಗಿನ, ಮಲೆನಾಡಿನ ಹಳೆಯ ಮನೆಗಳ ಮಂಚ, ಮೇಜು ಕಂಡವರಿಗೆ ಆ ಮರದ ಗತ್ತು ಬೇರೆ ಹೇಳಬೇಕಿಲ್ಲ.

ಕಳೆದ ವರ್ಷ ಅಲ್ಲಿಗೆ ಹೋಗಿದ್ದಾಗ ಗೆಳೆಯನೂ ನಾನೂ ಒಂದು ಅಂಗಡಿಯಲ್ಲಿ ಈ ದರ್ಜೆಯ ಬೇಸ್ ನುಡಿಸಿ ನೋಡಿದ್ದೆವು. ಮೊದಲ ಸ್ವರಕ್ಕೇ ಅವನ ಮುಖ ಅರಳಿತು. ನನ್ನ ಸಲಹೆಯ ಮೇಲೆ ಅವನ ಸ್ವಂತ ಬೇಸನ್ನೂ ತಂದಿದ್ದ. ಅದರ ತಂತಿಗಳು ಯಾವ ಕಾಲದವೋ ಏನೋ, ಎಣ್ಣೆ ಕುಡಿದು ಮಂಕಾಗಿದ್ದವು. ಅಂಗಡಿಯದಕ್ಕೆ ಹೊಚ್ಚ ಹೊಸ ಉಕ್ಕಿನ ತಂತಿ. ಅಂಗಡಿಯವರನ್ನು ಕೇಳಿ ಅದೇ ತಂತಿ ಇವನ ಬೇಸಿಗೂ ಹಾಕಿಸಿ, ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ತಿರುಗಿಸಿ ಬಾಗು ಸರಿಪಡಿಸಿ, ತಂತಿಯ ಎತ್ತರ ಸಮ ಮಾಡಿಸಿದೆವು. ಆಮೇಲೆ ಅವನು ಒಂದೇ ಆಂಪ್ಲಿಫೈಯರಿಗೆ ಎರಡನ್ನೂ ಒಂದಾದ ಮೇಲೊಂದು ಹಾಕಿ ನುಡಿಸಿದ, ನಾನು ಬೆನ್ನು ತಿರುಗಿಸಿ ಕೇಳಿದೆ. ನಡುವಿನ ಕಂದಕ ಕಾಲುವೆಯಷ್ಟಕ್ಕೆ ಇಳಿದಿತ್ತು. ಪೂರ್ತಿ ಮುಚ್ಚಿಹೋಗಿರಲಿಲ್ಲ, ಅದನ್ನೂ ಹೇಳಬೇಕು: ಕೆಳಗಿನ ಬಿ ತಂತಿಯ ಐದು ಫ್ರೆಟ್‌ಗಳಲ್ಲಿ ದುಬಾರಿ ಬೇಸಿನ ಸ್ವರ ಸ್ಪಷ್ಟವಾಗಿ ಮೇಲಿತ್ತು, ಮೇಲಿನ ಫ್ರೆಟ್‌ಗಳಲ್ಲಿ ಅದರ ಸ್ವರ ದಪ್ಪವಾಗಿಯೇ ಉಳಿಯುತ್ತಿತ್ತು, ಇವನದು ತೆಳುವಾಗುತ್ತಿತ್ತು. ಡ್ರಮ್ಮು, ಕೀಬೋರ್ಡು ಸೇರಿದ ಮೇಲೆ ಆ ಅಂತರ ಎಷ್ಟು ಉಳಿಯುತ್ತದೆ ಎಂಬುದು ಬೇರೆ ಮಾತು. ಕೊಳ್ಳುವವರು ಅಂಗಡಿಯಲ್ಲಿ ಒಬ್ಬರೇ ನುಡಿಸಿ ತೀರ್ಮಾನ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಬೇಸ್ ಒಂಟಿಯಾಗಿ ಬದುಕುವ ವಾದ್ಯವಲ್ಲ.

ಮಾರಿದರೆ ಎಷ್ಟು ಬಂದೀತು ಎಂಬುದನ್ನೂ ಮುಂಚೆಯೇ ಯೋಚಿಸಬೇಕು. ಅರವತ್ತರ ದಶಕದ ಫೆಂಡರ್‌ಗೆ ಎಲ್ಲೆಲ್ಲೂ ಗಿರಾಕಿ. ನನ್ನ ಕೈಯಳತೆಗೆ, ನನ್ನ ಇಷ್ಟದ ಬಣ್ಣದಲ್ಲಿ, ನನ್ನ ಹೆಸರಿನ ಮೊದಲಕ್ಷರ ಕೆತ್ತಿಸಿ ಮಾಡಿಸಿದ ಬೇಸಿಗೆ ಗಿರಾಕಿ ನನ್ನಂಥ ಇನ್ನೊಬ್ಬ ಮಾತ್ರ, ಅವನು ಸಿಗಬೇಕು. ಭಾರತಕ್ಕೆ ತರಿಸುವವರಿಗೆ ಸುಂಕದ ಜೊತೆ ಇನ್ನೊಂದು ಚಿಂತೆ ಹವೆ. ಬೇಸಿಗೆಯ ಒಣ ಬೆಂಗಳೂರಿಗೂ ಜುಲೈನ ಹಸಿ ಮಂಗಳೂರಿಗೂ ನೆಕ್ ಬೇರೆ ಬೇರೆಯಾಗಿ ಬಾಗುತ್ತದೆ. ಅದನ್ನು ತಿದ್ದಬಲ್ಲ ಒಳ್ಳೆಯ ಕೈ ಊರಿನಲ್ಲಿದೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಮುಂಗಡ ಕಳುಹಿಸುವುದು ಒಳ್ಳೆಯದು.

ಗೆಳೆಯನ ಜೊತೆ ಫೋನಿನಲ್ಲಿ ಈ ಮಾತು ಹಲವು ಸಲ ನಡೆಯಿತು. ಕೆದಕುತ್ತ ಹೋದಾಗ ತಕರಾರು ಹೊರಬಂತು, ಅದೂ ನಾದದ ತಕರಾರಲ್ಲ. ಹಿಂದೆ ಷಟಲ್ ಆಡುವಾಗ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಿದ್ದ. ಐದು ತಂತಿಯ ಅಗಲ ನೆಕ್ಕಿನ ಮೇಲೆ ಕೆಳಗಿನ ಫ್ರೆಟ್‌ಗಳಿಗೆ ಕೈ ಚಾಚಿದರೆ ಅರ್ಧ ಗಂಟೆಯಲ್ಲಿ ನೋವು ಶುರುವಾಗುತ್ತದೆ. ಮೇಲಾಗಿ ಈಗಿನ ಬೇಸಿನ ನೆಕ್ ನೆಲದ ಕಡೆ ಜಗ್ಗುವುದರಿಂದ ಅದೇ ಕೈ ಭಾರವನ್ನೂ ಹೊರಬೇಕು. ಗುಂಪಿನವರಿಗೆ ಹೇಳಲು ನಾಚಿಕೆಯಾಗಿ ವಿರಾಮದ ನೆಪ ಮಾಡಿಕೊಂಡು ಎದ್ದುಹೋಗುತ್ತಿದ್ದನಂತೆ. ಅಂಗಡಿಯಲ್ಲಿ ಸಿಗುವ ಐದು ತಂತಿಯ ಕೆಲವು ಬೇಸ್‌ಗಳನ್ನು ಮೊದಲು ನೋಡು ಎಂದೆ, ನೋಡಿದ. ಅಗಲ ಹೊಂದಿದರೆ ತೂಕ ಹೊಂದಲಿಲ್ಲ, ತೂಕ ಹೊಂದಿದರೆ ನೆಕ್ಕಿನ ಬೆನ್ನು ದಪ್ಪ.

'ಇದನ್ನು ಮೊದಲೇ ಹೇಳಬಾರದಿತ್ತೇ?' ಎಂದೆ.

'ನೀವು ಬೇಸಿನ ತಕರಾರು ಕೇಳಿದಿರಿ ಅಣ್ಣ, ಇದು ಕೈಯದಲ್ಲವೇ?' ಎಂದ.

ದರಪಟ್ಟಿಯಿಂದ ಗಂಟುಮರ, ಚಿನ್ನ, ಮುತ್ತಿನ ಚಿಪ್ಪು ಮೂರನ್ನೂ ಹೊಡೆದುಹಾಕಿಸಿದ. ಕಾರ್ಯಾಗಾರದವರು ಒಂದು ಮಾತೂ ಆಡದೆ ಒಪ್ಪಿದರು. ನೆಕ್ಕಿನ ಮಾತು ಬಂದಾಗ ಮಾತ್ರ ಪ್ರಶ್ನೆಯ ಮೇಲೆ ಪ್ರಶ್ನೆ ಕಳುಹಿಸಿದರು. ಕೂತು ನುಡಿಸುತ್ತೀರೋ ನಿಂತೋ, ಹೆಬ್ಬೆರಳು ನೆಕ್ಕಿನ ಬೆನ್ನ ನಡುವೆ ಇರುತ್ತದೆಯೋ ಮೇಲಂಚಿಗೆ ಬರುತ್ತದೆಯೋ, ನೋವು ಮಣಿಕಟ್ಟಿನ ಯಾವ ಪಕ್ಕದಲ್ಲಿ. ಎಡಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳುಹಿಸಿ ಎಂದರು. ಹಗುರವಾದ ದೇಹ, ಬಿರಡೆಗಳ ತಲೆಭಾಗವಿಲ್ಲದ ನೆಕ್, ತಂತಿಗಳ ನಡುವೆ ಸ್ವಲ್ಪ ಕಡಿಮೆ ಅಂತರ ಎಂದು ತೀರ್ಮಾನವಾಯಿತು. ಬೆಲೆ ಒಂದಷ್ಟು ಇಳಿಯಿತು. ಇಳಿದ ಮೇಲೂ ನಾನು ನನಗಾಗಿ ಎಂದೂ ಕೊಡಲಾರದ ಮೊತ್ತವೇ ಅದು. ಮುಂಗಡ ಕಳುಹಿಸು ಎಂದೆ.